ಕ್ಯಾಮೆರಾದ ಎದುರಿನ ಮಡಿ ಸೀರೆ

ಸತ್ಯನಾರಾಯಣಪೇಟೆ, ಬಳ್ಳಾರಿ
ಗುರುವಾರ

ಅತ್ತೆಯವರಿಗೆ ವರದಾಳ ನಮಸ್ಕಾರಗಳು.

ಫೋನ್ ಮಾಡಿದರೆ "ಮಡೀಲೆ ಇದ್ದೀನಿ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಸಿರುಗುಪ್ಪಕ್ಕೆ ಹೊರಟ ಮೈದುನನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಹಿತ್ತಲಿನ ಹಿತ್ತಾಳೆ ನಲ್ಲಿ ಕಳುವಾದಾಗ ಕ್ಯಾಮೆರಾ ಬೇಕೆಂದವರು ನೀವು. ನಾಲ್ಕು ಕ್ಯಾಮೆರಾದ ಸೆಟ್ ತೋರಿಸಿದರೆ "ನಮ್ಮನಿ ಏನು ಬ್ಯಾಂಕೇನ? ಸೋವಿದು ಒಂದು ತಗೊಂಬಾ" ಎಂದವರೂ ನೀವೇ. ಮೂರು ಭಾನುವಾರ ಅಂಗಡಿ ಅಂಗಡಿ ಅಲೆದು, ತಿಂಗಳು ತಿಂಗಳು ಹಣ ಕೇಳದ, ಮೆಮೊರಿ ಕಾರ್ಡಿನದೊಂದನ್ನು ಆರಿಸಿ ಅಡುಗೆಮನೆಯ ಹಿಂಬಾಗಿಲ ಮೇಲೆ ಹಾಕಿಸಿದೆ. ಮರುದಿನವೇ ನೀವು ಸರಿಯಾಗಿ ಅದರ ಎದುರಿಗೆ ಮಡಿ ಸೀರೆ ಒಣಹಾಕಿ, "ನಾ ಬರೂತನಕ ಯಾರೂ ಮುಟ್ಟಬ್ಯಾಡ್ರಿ" ಎಂದು ಮಗಳ ಮನೆಗೆ ಹೊರಟುಬಿಟ್ಟಿರಿ. ಕೋಲಿನಿಂದ ಸರಿಸಲೂ ನಿಮ್ಮ ಮಗ ಒಪ್ಪಲಿಲ್ಲ.

ನಿನ್ನೆ ಬೆಳಿಗ್ಗೆ, ನಾನು ಶಾಲೆಯಲ್ಲಿದ್ದಾಗ, ಹಿತ್ತಲ ಬಚ್ಚಲಿನ ತಾಮ್ರದ ಹಂಡೆ ಕಳುವಾಯಿತು. ರೆಕಾರ್ಡಿಂಗ್ ನೋಡಲು ಕೂತ ಪೊಲೀಸಪ್ಪ "ಏನ್ರೀ ಮೇಡಮ್, ಎಂಟು ದಿನದಿಂದ ಬರೇ ಸೀರೀನ ಐತಲ್ರೀ!" ಎಂದು ನಕ್ಕ. ತಲೆ ಚಚ್ಚಿಕೊಳ್ಳುವಂತಾಯಿತು.

ಒಂದು ಉಪಕಾರ ಮಾಡಿ. ಒಣಹಾಕಲು ಬೇರೆ ಜಾಗ ಯೋಚಿಸಿಕೊಂಡೇ ಬನ್ನಿ. ಈ ಸೀರೆಯನ್ನಂತೂ ಮತ್ತೆ ನೆನೆಸಲೇಬೇಕು. ಹಂಡೆ ಹೊರಗೆ ತರಲು ಕಳ್ಳ ಸೀರೆಯನ್ನು ಕೈಯಿಂದಲೇ ಪಕ್ಕಕ್ಕೆ ಸರಿಸಿದ್ದಾನೆ. ಆಗ ಅವನ ಮುಖ ಕ್ಯಾಮೆರಾಕ್ಕೆ ಪೂರ್ತಿ ಕಂಡಿದೆ. ಸಂಜೆಯೊಳಗೆ ಹಂಡೆ ಸಮೇತ ಸಿಕ್ಕಿಬಿದ್ದ.

ನಮ್ಮ ಹಾಗೆ ಅವನೂ ನಿಮ್ಮ ಮಾತು ಕೇಳಿದ್ದರೆ ಹಂಡೆ ಹೋಗಿಯೇಬಿಡುತ್ತಿತ್ತು.

ಇಂತಿ,
ಇನ್ನೂ ಸೀರೆ ಮುಟ್ಟದ ನಿಮ್ಮ ಸೊಸೆ
ವರದಾ