ಅಂಗಳದ ಮೆಣಸು, ಚಾಪೆಯ ಮೆಣಸು

೨೧ ಜನವರಿ ೧೯೬೪, ಮಂಗಳವಾರ

ತಿರುಮಲೇಶ್ವರ ಇನ್‌ಸ್ಪೆಕ್ಟರು ಇವತ್ತೂ ಅಂಗಡಿಗೆ ಬಂದರು. ಹೆಗಲಲ್ಲಿ ಅದೇ ಜರಡಿ. ಇನ್ನು ಮುಂದೆ ರಫ್ತಿನ ಒಳ್ಳೆಮೆಣಸಿಗೆ ಸರಕಾರದ ಮೊಹರು ಬೇಕಂತೆ, ಇಲ್ಲದಿದ್ದರೆ ಹಡಗು ಹತ್ತಿಸುವುದಿಲ್ಲವಂತೆ. ಮೊದಮೊದಲು ನಗಾಡಿದ್ದೆ — ಡೆಲ್ಲಿಯವರಿಗೆ ಕಾಳುಮೆಣಸಿನ ವಿಷಯ ಎಂತ ಗೊತ್ತುಂಟು ಅಂತ. ಈಗ ನಗು ಬರುವುದಿಲ್ಲ. ಈ ಕಬಕ ಪೇಟೆಯ ಧೂಳಿನಲ್ಲಿ ಕೂತು ನಮ್ಮ ಗೋಣಿಗಳನ್ನು ತಾವೇ ಜರಡಿ ಹಿಡಿಯುತ್ತಾರೆ. ಕಲ್ಲು ಬೇರೆ, ತೊಟ್ಟು ಬೇರೆ, ಜೊಳ್ಳು ಬೇರೆ. ಚಾ ತರಿಸಿದರೆ ಮುಟ್ಟಲಿಲ್ಲ. ನನಗೆ ರಂಜಾನ್ ಉಪವಾಸ, ಎದುರಿಗೆ ಕೂತು ಕುಡಿಯಲು ಮನಸ್ಸಿಲ್ಲವಂತೆ.

"ಪೋಕರ್ ಸಾಹೇಬ್ರೆ, ನಮ್ಮ ಮೆಣಸಿಗೆ ಖಾರ ಉಂಟು, ಹೆಸರು ಇಲ್ಲ. ಹೆಸರು ಬರಿಸುವ," ಅಂದರು.

ಇಂಥ ಆಫೀಸರನ್ನು ನಾನು ನೋಡಿದ್ದಿಲ್ಲ.

೨೫ ಜನವರಿ — ಮಧ್ಯಾಹ್ನ

ಮಂಗಳೂರಿನ ರಫ್ತು ಸಾಹುಕಾರರಿಗೆ ಮಾತು ಕೊಟ್ಟು ಬಂದೆ. ಮೊಹರಿನ ಮೊದಲ ಲಾಟ್ ನನ್ನದು. ಪಾಸಾದರೆ ವರ್ಷ ವರ್ಷ ಪುತ್ತೂರಿನ ಮೆಣಸೇ ಅವರಿಗೆ. ಫೇಲಾದರೆ ಕೇರಳದ ಕಡೆ ಮುಖ ಮಾಡುತ್ತಾರೆ, ನನ್ನ ಮಾತಿಗೆ ಮತ್ತೆ ಬೆಲೆಯಿಲ್ಲ.

ಬೆಟ್ಟಂಪಾಡಿಯ ಶಂಕರಿ ಅಮ್ಮನ ಮನೆಯ ಮೆಣಸೇ ಆಗಬೇಕು ಅಂತ ನಾನೇ ಹಟ ಹಿಡಿದದ್ದು. ಬ್ರಾಹ್ಮಣರ ಮನೆ. ತಂದೆಯ ಕಾಲದಿಂದ ನಮ್ಮ ವ್ಯಾಪಾರ, ಅಲ್ಲಿಯ ಗೋಣಿಯನ್ನು ಅನುಮಾನದಿಂದ ಬಿಚ್ಚಿದವರಿಲ್ಲ. ನೆಲದಲ್ಲಿ ಒಣಗಿಸುವುದು ಬೇಡ ಅಂತ ಇನ್‌ಸ್ಪೆಕ್ಟರು ಹೊಸ ಬಿದಿರಿನ ಚಾಪೆಗಳನ್ನು ಕೊಟ್ಟು ಬಂದಿದ್ದಾರೆ.

೩೦ ಜನವರಿ

ತಲೆ ಕೆಟ್ಟುಹೋಗಿದೆ.

ಶಂಕರಿ ಅಮ್ಮನ ಮೆಣಸು ನಿನ್ನೆ ಬಂತು. ಉಪವಾಸ, ಎಂದಿನ ಹಾಗೆ ಕಾಳು ಕಚ್ಚಿ ನೋಡುವಂತಿಲ್ಲ. ಅಂಗೈಯಲ್ಲಿ ಉಜ್ಜಿ ಇಳಿಸಿಕೊಂಡೆ. ಇವತ್ತು ಇನ್‌ಸ್ಪೆಕ್ಟರು ಒಂದು ಹಿಡಿಯನ್ನು ಬಿಸಿನೀರಿಗೆ ಹಾಕಿ ಮೂಸಿದರು.

"ಸೆಗಣಿ," ಅಂದರು.

ಅಮ್ಮ ಆ ಹೊಸ ಚಾಪೆಗೇ ಸೆಗಣಿ ಬಳಿದಿದ್ದಾರೆ! ಬರೀ ಚಾಪೆ ಅವರ ಲೆಕ್ಕದಲ್ಲಿ ಶುದ್ಧ ಹೇಗಾದೀತು? ಮನೆಯ ಮೆಣಸು ಸಮುದ್ರ ದಾಟುತ್ತದೆ ಅಂತ ಒಂದು ಕೈ ಹೆಚ್ಚೇ ಬಳಿದಿರಬೇಕು. ಹುಟ್ಟಿದಂದಿನಿಂದ ಮೂಸಿದ ವಾಸನೆ, ನನ್ನ ಮೂಗಿಗೆ ಗೊತ್ತಾಗಲೇ ಇಲ್ಲ.

ತೊಳೆದು ಮತ್ತೆ ಒಣಗಿಸಿದರೆ ಉಳಿಯಬಹುದಂತೆ. ಆದರೆ ಹೇಳುವುದು ಯಾರು? ನಾನು ಬ್ಯಾರಿ. ಆ ಅಮ್ಮ ದೇವರ ಎದುರು ಬಳಿಯುವ ಸೆಗಣಿ ಕೊಳಕು ಅಂತ ನನ್ನ ಬಾಯಲ್ಲಿ... ಹೆದರಿಕೆ ಆಗುತ್ತದೆ. ಲಾಟ್ ಹೋದರೆ ಹೋಗಲಿ, ಆ ಮನೆ ಕೈತಪ್ಪಬಾರದು.

೨ ಫೆಬ್ರವರಿ, ಆದಿತ್ಯವಾರ

ಗೋಣಿಗಳನ್ನು ಗಾಡಿಗೆ ಹೇರಿ ಇಬ್ಬರೂ ಹೋದೆವು. ನಾನು ಜಗಲಿಯ ಅಂಚಿನಲ್ಲಿ ತಲೆ ತಗ್ಗಿಸಿ ಕೂತೆ. ಇನ್‌ಸ್ಪೆಕ್ಟರೇ ಹೇಳಿದರು.

"ಅಮ್ಮ, ಒಲೆಕಟ್ಟೆಗೆ ನೀವು ಸೆಗಣಿ ಬಳಿಯುದು ಸರಿ. ಬಾಣಲೆಗೆ ಬಳಿಯುದುಂಟಾ? ಸಮುದ್ರದ ಆಚೆಯವರು ಮೆಣಸು ತೊಳೆಯುದಿಲ್ಲ. ಪುಡಿ ಮಾಡಿ, ಬೇಯಿಸಿದ ಮೊಟ್ಟೆಯ ಮೇಲೆ ಹಾಗೇ ಉದುರಿಸುದು."

"ಮೊಟ್ಟೆಗಾ?" ಅಮ್ಮ ಸೆರಗು ಮೂಗಿಗೆ ಹಿಡಿದರು. "ಮೊಟ್ಟೆಗೆ ಹಾಕುದಾದರೆ ಮತ್ತೆ ಶುದ್ಧ ಎಂತಕ್ಕೆ ಮಾರಾಯ್ರೆ?"

ನಗು ಬಂತು, ನುಂಗಿದೆ. ಇನ್‌ಸ್ಪೆಕ್ಟರು ನಗಲಿಲ್ಲ. ಅದು ಅವರ ದೊಡ್ಡತನ. ನೆನೆಸಿದ ಮೆಂತೆ ಕೇಳಿ ತೆಗೆದುಕೊಂಡು, ತಾವೇ ಅರೆದು, ತೊಳೆದ ಚಾಪೆಗೆ ಬಳಿದು ತೋರಿಸಿದರು. ಸಂದು ಮುಚ್ಚುತ್ತದೆ, ವಾಸನೆ ಹಿಡಿಯುವುದಿಲ್ಲ. ಆಮೇಲೆ ಪ್ಯಾಂಟು ಮೊಣಕಾಲಿಗೆ ಮಡಚಿ ಬಾವಿಕಟ್ಟೆಯಲ್ಲಿ ಮೆಣಸು ತೊಳೆಯಲು ನಿಂತರು. ಸರಕಾರ ಅಂದರೆ ಇದು ಅಂತ ಅನಿಸಿತು.

ಅಮ್ಮ ಒಳಗೆ ಹೋದವರು ಹೊರಗೆ ಬರಲೇ ಇಲ್ಲ.

೧೩ ಫೆಬ್ರವರಿ

ಇಷ್ಟು ದಿನ ಬೆಟ್ಟಂಪಾಡಿ ಕಡೆ ತಲೆ ಹಾಕಲಿಲ್ಲ. ಬರೆಯಲೂ ಮನಸ್ಸಿಲ್ಲ. ಮೆಣಸು ಮಾತ್ರ ಒಣಗಿ ಗಾಡಿಯಲ್ಲಿ ಬಂದಿತ್ತು, ಜೊತೆಗೆ ಒಂದು ಮಾತೂ ಇಲ್ಲ. ಇನ್‌ಸ್ಪೆಕ್ಟರು ಸ್ಯಾಂಪಲ್ ಮಂಗಳೂರಿಗೆ ಒಯ್ದಿದ್ದರು. ಇವತ್ತು ಬಸ್ಸಿನಿಂದ ಇಳಿಯುವಾಗಲೇ ಕೈ ಎತ್ತಿದರು. ಪಾಸು. ಮೊದಲ ದರ್ಜೆ ಅಲ್ಲ, ಎರಡನೆಯದ್ದು. ಸಾಕು. ರಸ್ತೆಯಲ್ಲೇ ಅಪ್ಪಿಕೊಂಡೆ ಅವರನ್ನು.

೧೪ ಫೆಬ್ರವರಿ, ಶುಕ್ರವಾರ — ಸಂಜೆ

ಜುಮಾ ಮುಗಿಸಿ, ಏನಾದರಾಗಲಿ ಅಂತ ಸುದ್ದಿ ಹೇಳಲು ಹೋದೆ. ಶಂಕರಿ ಅಮ್ಮ ಜಗಲಿಗೆ ಬಂದರು.

"ಮೊಟ್ಟೆಯವರಿಗೆ ಒಪ್ಪಿಗೆ ಆಯ್ತಾ?"

ಆಯಿತು ಅಂದೆ. ಚಾಪೆಗಳಿಗೆಲ್ಲ ಮೆಂತೆ ಬಳಿದಿದೆ, ಮುಂದಿನ ಲಾಟ್ ಒಣಗುತ್ತಾ ಉಂಟು. ಆಚೆ, ಸೆಗಣಿ ಸಾರಿಸಿದ ಅಂಗಳದಲ್ಲಿ, ಬೇರೆ ಒಂದಿಷ್ಟು ಮೆಣಸು. ಅದರಿಂದ ಎರಡು ಬೊಗಸೆ ಬಾಳೆಲೆಯಲ್ಲಿ ಕಟ್ಟಿ ನನ್ನ ಹತ್ತಿರ ಇಟ್ಟರು.

"ನಿಮ್ಮ ಹಬ್ಬ ಬಂತಲ್ಲ. ಇದು ಅಂಗಳದ್ದು ಪೋಕರೇ, ಅವರಿಗೆ ಕಳಿಸಿದಂಥದ್ದಲ್ಲ. ಶುದ್ಧದ್ದು. ನಮ್ಮವರಿಗೆ ಅಂತ ಬೇರೆ ಹರಡಿದ್ದು."

ಕಣ್ಣು ತುಂಬಿತು. ಮೆಣಸಿನ ಘಾಟು ಅಂತ ಹೇಳಿ ಒರೆಸಿಕೊಂಡೆ.

ಈಗ ಅಡುಗೆಮನೆಯಿಂದ ಹೆಂಡತಿ ನೆಬೀಸ ಕೇಳುತ್ತಿದ್ದಾಳೆ, "ಇದನ್ನು ತೊಳೆದು ಹಾಕುದಾ, ಹಾಗೇ ಹಾಕುದಾ?" ಹಾಗೇ ಹಾಕು ಅಂದೆ. ಮಸೀದಿಯ ಕಡೆ ಗದ್ದಲ, ಚಂದ್ರ ಕಂಡಿರಬೇಕು. ತೊಳೆದರೆ ಆ ಅಮ್ಮ ಕೊಟ್ಟದ್ದೇ ತೊಳೆದುಹೋದೀತು.