ಎಂಜಿನ್ ನಿಲ್ಲಿಸಿದವಳಿಗೆ ಸಿಕ್ಕ ಬಡ್ತಿ

ರಾಕೆಟ್ ಎಂಜಿನ್ ಪರೀಕ್ಷಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ತಂಗಿಯನ್ನು ನಿಯಂತ್ರಣ ಕೊಠಡಿಯಿಂದ ಎತ್ತಿ ಸಂದರ್ಶಕರ ಸಭಾಂಗಣಕ್ಕೆ ಹಾಕಿದ್ದೀರಿ. ವರ್ಷಗಟ್ಟಲೆ ಎಂಜಿನ್ನಿನ ಇಂಧನ ಒತ್ತಡದ ಮೇಲೆ ಕಣ್ಣಿಟ್ಟಿದ್ದವಳು ಈಗ ಶಾಲಾ ಮಕ್ಕಳಿಗೆ ಪ್ಲಾಸ್ಟಿಕ್ ರಾಕೆಟ್ಟಿನ ಮೂತಿ ಯಾವುದು, ಬಾಲ ಯಾವುದು ಎಂದು ತೋರಿಸುತ್ತಾಳೆ. ಪ್ರತಿಭೆಯನ್ನು ಗುರುತಿಸುವ ನಿಮ್ಮ ಕಣ್ಣಿಗೆ ದೃಷ್ಟಿ ತಾಗದಿರಲಿ.

ಅವಳ ಅಪರಾಧ ಈ ಬಹಿರಂಗ ಪತ್ರದ ಓದುಗರಿಗೂ ತಿಳಿಯಲಿ. ಭಾರೀ ರಾಕೆಟ್ಟಿನ ಹೊಸ ಎಂಜಿನ್ನನ್ನು ನೆಲಕ್ಕೆ ಬಿಗಿದು ಉರಿಸಿ ನೋಡುವ ದಿನ ಅದು. ನಿಮ್ಮಲ್ಲೊಂದು ಒಳ್ಳೆಯ ಪದ್ಧತಿಯಿದೆ: ಕ್ಷಣಗಣನೆ ನಡೆಯುವಾಗ ಯಾರಿಗೇ ಅನುಮಾನ ಬಂದರೂ ‘ನಿಲ್ಲಿಸಿ’ ಎನ್ನಬಹುದು, ಕಾರಣ ಆಮೇಲೆ. ಪರದೆಯ ಮೇಲೆ ಒತ್ತಡದ ಗೆರೆ ನಡುಗಿತು, ಅವಳು ನಿಲ್ಲಿಸಿದಳು. ಬಿಚ್ಚಿ ನೋಡಿದರೆ ಎಂಜಿನ್ ಗಟ್ಟಿಮುಟ್ಟಾಗಿತ್ತು. ಕೆಟ್ಟಿದ್ದು ಅಳೆಯುವ ಉಪಕರಣ. ಅಷ್ಟರಲ್ಲಿ ಬೆಂಕಿ ನೋಡಲು ಬಂದಿದ್ದ ಗಣ್ಯರು ಹೊಗೆಯನ್ನೂ ಕಾಣದೆ ಕಾರು ಹತ್ತಿದ್ದರು.

“ಅತಿಥಿಗಳ ಮುಂದೆ ಮಾನ ಕಳೆದ್ರಲ್ಲಮ್ಮ! ಸ್ವಲ್ಪ ಕಾದು ನೋಡೋಕಾಗ್ತಿರ್ಲಿಲ್ವಾ?” ಎಂದಿರಂತೆ.

“ಬೆಂಕಿ ಹೊತ್ಕೊಂಡ ಮೇಲೆ ಕಾಯೋದೇನಿರುತ್ತೆ, ಸರ್?” ಎಂದಳಂತೆ. ಮರುದಿನವೇ ವರ್ಗಾವಣೆ.

ಒಡಹುಟ್ಟಿದವಳೆಂಬ ಮಮತೆ ನನ್ನಿಂದ ಇದನ್ನು ಬರೆಸುತ್ತಿದೆಯೇ? ಇರಬಹುದು. ಅವಳ ಅನುಮಾನ ತಪ್ಪಾಗಿತ್ತು ಎಂದೂ ಒಪ್ಪುತ್ತೇನೆ. ಆದರೆ ಅನುಮಾನ ನಿಜವಾದರೆ ಮಾತ್ರ ಬಾಯಿ ತೆರೆಯಬೇಕೆಂದರೆ, ನಿಜವೋ ಸುಳ್ಳೋ ಗೊತ್ತಾಗುವುದು ಎಂಜಿನ್ ಸಿಡಿದ ಮೇಲಲ್ಲವೇ? ಟನ್ನುಗಟ್ಟಲೆ ತೂಕ ಹೊತ್ತು ಆಕಾಶಕ್ಕೇರಬೇಕಾದ ಯೋಜನೆಗೆ ನಾಲ್ವರು ಗಣ್ಯರ ಮುನಿಸಿನ ಭಾರ ಹೊರಲಾಗದೇ?

ಇಷ್ಟೇ ಆಗಿದ್ದರೆ ಮನೆಯೊಳಗೇ ಗೊಣಗಿ ಸುಮ್ಮನಾಗುತ್ತಿದ್ದೆ. ಮೊನ್ನೆ ಮರುಪರೀಕ್ಷೆಯ ಪೂರ್ವಾಭ್ಯಾಸ ಮುಗಿಸಿ, ತಂಗಿಯ ಕುರ್ಚಿಯಲ್ಲಿ ಈಗ ಕೂರುವ ಹುಡುಗಿ ನಮ್ಮ ಮನೆಗೆ ಬಂದಳು. ಕೊಟ್ಟ ಚಹಾ ಆರುತ್ತಿತ್ತು.

“ಅಕ್ಕಾ, ಇಂಧನದ ಕವಾಟ ತಡವಾಗಿ ತೆರೀತು ಅನ್ನಿಸ್ತು.”

“ನಿಲ್ಸಿದ್ಯಾ?” ಎಂದಳು ತಂಗಿ.

“ನಿಮ್ಮನ್ನ ನೆನಪು ಮಾಡ್ಕೊಂಡೆ. ಬಾಯಿ ಬರ್ಲಿಲ್ಲ.”

ತಂಗಿ ಬೆಳಗಾಗುತ್ತಲೇ ನಿಮ್ಮ ಕಚೇರಿಗೆ ತಿಳಿಸಿದಳು. ‘ಸಭಾಂಗಣದವರು ಸಭಾಂಗಣ ನೋಡಿಕೊಳ್ಳಲಿ’ ಎಂಬ ಉತ್ತರ ಬಂತು. ಹಾಗಾಗಿ, ಆ ಹುಡುಗಿಯನ್ನು ಕೇಳಿಯೇ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಮುಂದಿನ ವಾರ ಎಂಜಿನ್ ಉರಿಸುವ ಮುನ್ನ ಆ ಕವಾಟ ಬಿಚ್ಚಿಸಿ. ತಂಗಿಯನ್ನು ಅವಳ ಕುರ್ಚಿಗೆ ಮರಳಿಸಿ, ಅದೂ ಎಲ್ಲರ ಕಣ್ಣೆದುರು. ಕವಾಟ ಸರಿಯಾಗಿಯೇ ಇದ್ದರೆ ನನ್ನನ್ನು ನೋಡಿ ಧಾರಾಳವಾಗಿ ನಗಿರಿ. ಆ ಹುಡುಗಿಗೆ ಮಾತ್ರ ಒಂದು ಮಾತೂ ಅನ್ನಬೇಡಿ.

ಇಂತಿ,
ಸುಮ್ಮನಿರುವುದನ್ನು ಕಲಿಸದ ಮನೆಯ ಹಿರಿಮಗಳು