ಗೇಟಿನಾಚೆ ಒಂದು ಕುರ್ಚಿ

ಅಪ್ಪಾ,

ನೀನು ಹೋದ ಮೇಲೆ ಪೇಟೆಯ ಮನೆಯಿಂದ ನಾನು ತಂದುಕೊಂಡದ್ದು ನಿನ್ನ ಬೆತ್ತದ ಕುರ್ಚಿಯೊಂದನ್ನೇ. ಇವತ್ತು ಸಂಜೆ ಅದನ್ನು ಗೇಟಿನಾಚೆ ಹಾಕಿಕೊಂಡು ಕೂತಿದ್ದೆ.

ನಮ್ಮ ಈ ಹೊರವಲಯದ ಬಡಾವಣೆ ನಿನಗೆ ಗೊತ್ತಲ್ಲ. ಅಂಗಳಗಳು ದೊಡ್ಡವು, ಹುಲ್ಲು ಹಸಿರು, ಬೀದಿಯಲ್ಲಿ ಮಾತ್ರ ನರಪಿಳ್ಳೆಯೂ ಇಲ್ಲ. ಪೇಟೆಯಲ್ಲಿ ನಮಗಿದ್ದದ್ದು ಎರಡೇ ಕೋಣೆ. ಆದರೆ ನೀನು ಹೊಲಿಗೆ ಮುಗಿಸಿ ಹೊಸ್ತಿಲಾಚೆ ಕುರ್ಚಿ ಹಾಕಿದೆಯೆಂದರೆ ಬೀದಿಯೇ ನಮ್ಮ ನಡುಮನೆ. ತರಕಾರಿಯವಳು ಬುಟ್ಟಿ ಇಳಿಸುತ್ತಿದ್ದಳು, ಅಂಚೆಯವನು ನಿನ್ನೊಡನೆ ಒಂದು ಸುತ್ತು ಜಗಳವಾಡಿಯೇ ಮುಂದೆ ಹೋಗುತ್ತಿದ್ದ. "ಊರ ಉಸಾಬರಿಯೆಲ್ಲ ನಿಮಗೇ ಬೇಕು" ಎಂದು ಗೊಣಗುತ್ತ ಅಮ್ಮ ಬಾಗಿಲಲ್ಲೇ ಕಿವಿಗೊಟ್ಟು ನಿಂತಿರುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಎದುರುಮನೆಯಾಕೆ ಕಾರು ನಿಲ್ಲಿಸಿ ಗಾಜು ಇಳಿಸಿದಳು. "ಬೀಗದ ಕೈ ಕಳ್ಕೊಂಡ್ರಾ?"

"ಇಲ್ಲ, ಸುಮ್ನೆ ಕೂತಿದೀನಿ."

ಆಕೆ ಒಳಗೆ ಹೋಗಿ ತಾನೂ ಒಂದು ಕುರ್ಚಿ ಹೊತ್ತು ತಂದಳು.

"ನಿಮ್ಮ ತಂದೆ ಬಂದಿದ್ದಾಗ ಇಲ್ಲೇ ಗೇಟಿನಾಚೆ ಕೂತಿದ್ರು, ಅವ್ರನ್ನೂ ಹೀಗೇ ಕೇಳಿದ್ದೆ. 'ಬಾಮ್ಮ, ಕೂತ್ಕೋ, ಮಾತಾಡೋಣ' ಅಂದ್ರು. ಕುರ್ಚಿ ತರೋಕೆ ಹೋದೆ. ಬರೋಷ್ಟ್ರಲ್ಲಿ ನೀವು ಅವ್ರನ್ನ ಒಳಗೆ ಕರ್ಕೊಂಡು ಹೋಗ್ಬಿಟ್ಟಿದ್ರಿ."

ಮರುದಿನವೇ ನೀನು "ಹೊಲಿಗೆ ಬಾಕಿ ಇದೆ ಮಗಳೇ" ಎಂದು ಹೊರಟುಬಿಟ್ಟೆ. ನಿನ್ನ ಹೊಲಿಗೆ ಅಂಗಡಿ ಮುಚ್ಚಿ ಆಗಲೇ ವರ್ಷವಾಗಿತ್ತು.

ಬೀದಿದೀಪ ಹತ್ತುವವರೆಗೂ ಇಬ್ಬರೂ ಹರಟಿದೆವು. ಆಕೆಗೆ ಬಾಯಿ ಜಾಸ್ತಿ, ಅಪ್ಪಾ. ನಿನಗೆ ಬಹಳ ಹಿಡಿಸುತ್ತಿದ್ದಳು.